ಬ್ಲ್ಯಾಕ್ ಹೋಲ್ ಬೆಳೆಯೋಕೆ ಕೋಟಿಗಟ್ಟಲೆ ವರ್ಷ ಬೇಕು, ಸರ್ವೆ ಮಾಡಿರೋದು 20 ವರ್ಷ, ಹಂಗಾದ್ರೆ ಲೆಕ್ಕ ಹೆಂಗ್ ಸಿಕ್ತು?

ಗುಬ್ಬಿ_ಗ್ಯಾಲಕ್ಸಿ ಕೇಳಿದ್ದು:

ನಮಸ್ಕಾರ ಎಲ್ರಿಗೂ. ನಾನು ಬಿಎಸ್ಸಿ ಎರಡನೇ ವರ್ಷ, ಫಿಸಿಕ್ಸು ಮ್ಯಾಥ್ಸು, ಹಂಗಾಗಿ ನಡುವೆ ಒಂದೆರಡು ಫಾರ್ಮುಲಾ ಬಂದ್ರೆ ತೊಂದ್ರೆ ಇಲ್ಲ. ವಿಷಯ ಏನಂದ್ರೆ, 2024ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯವರು ಮಾಡಿದ ಒಂದು ಕೆಲಸದ ಬಗ್ಗೆ ಓದ್ತಾ ಇದ್ದೆ, 13 ಲಕ್ಷ ಗ್ಯಾಲಕ್ಸಿ ತಗೊಂಡು, 20 ವರ್ಷದ ಎಕ್ಸ್‌ರೇ ಸರ್ವೆಗಳಿಂದ ಅದ್ರಲ್ಲಿ ಜೋರಾಗಿ ಬೆಳೀತಿರೋ ಸುಮಾರು 8000 ಸೂಪರ್‌ಮ್ಯಾಸಿವ್ ಬ್ಲ್ಯಾಕ್ ಹೋಲ್ (ಗ್ಯಾಲಕ್ಸಿಗಳ ನಡುವೆ ಕೂತಿರೋ ಭಾರಿ ತೂಕದವು) ಹುಡುಕಿ, ಅದ್ರಿಂದ ಇಡೀ ವಿಶ್ವದಲ್ಲಿ ಅವು ಹೆಂಗೆ ಬೆಳೆದ್ವು ಅನ್ನೋ ಇತಿಹಾಸ ಕಟ್ಟಿದಾರಂತೆ. ಓದಿದಾಗ ವಾವ್ ಅನ್ನಿಸ್ತು, ಆಮೇಲೆ ಯೋಚ್ನೆ ಮಾಡಿದ್ರೆ ಒಂದೂ ಅರ್ಥ ಆಗ್ಲಿಲ್ಲ.

ನನ್ನ ಡೌಟು ಇಷ್ಟೇ. 10 ಕೋಟಿ ಸೂರ್ಯರಷ್ಟು ತೂಕ ಇರೋ ಒಂದು ಬ್ಲ್ಯಾಕ್ ಹೋಲ್ ತನ್ನ ಕೈಲಾದಷ್ಟು ಜೋರಾಗಿ ತಿಂದ್ರೂ ವರ್ಷಕ್ಕೆ ಸುಮಾರು ಎರಡು ಸೂರ್ಯ ಅಷ್ಟೇ, 20 ವರ್ಷಕ್ಕೆ ನಲವತ್ತು ಚಿಲ್ರೆ. ಹತ್ತು ಕೋಟಿಗೆ ನಲವತ್ತು ಸೇರಿದ್ರೆ ಯಾವ ಟೆಲಿಸ್ಕೋಪಿಗೆ ಗೊತ್ತಾಗುತ್ತೆ? ತೂಕ ಅಳೆಯೋದ್ರಲ್ಲೇ ಎರಡು ಮೂರು ಪಟ್ಟು ಆಚೆ ಈಚೆ ಆಗುತ್ತೆ ಅಂತಾರೆ. ಮತ್ತೆ "ಬೆಳವಣಿಗೆ ನೋಡಿದೀವಿ" ಅಂತ ಹೇಳೋಕೆ ಆಧಾರ ಏನು? ಒಂದನ್ನೂ ಬೆಳೆಯುವಾಗ ನೋಡದೇ ಹನ್ನೆರಡು ನೂರು ಕೋಟಿ ವರ್ಷದ ಕಥೆ ಹೇಳೋದು ಸ್ವಲ್ಪ ಜಾಸ್ತಿ ಆಯ್ತಲ್ವಾ? ಮತ್ತೆ ಎಲ್ಲಾ ಎಕ್ಸ್‌ರೇ ಎಕ್ಸ್‌ರೇ ಅಂತಾರೆ, ಮಾಮೂಲಿ ಬೆಳಕಲ್ಲಿ ಯಾಕಾಗಲ್ಲ? ಗೊತ್ತಿರೋರು ದಯವಿಟ್ಟು ಹೇಳಿ, ವಿಡಿಯೋ ಲಿಂಕ್ ಬೇಡ, ನಾಲ್ಕು ನೋಡಿ ಸುಸ್ತಾಗಿದೀನಿ.

---

ಹೊಸಕೋಟೆ_ಹಾದಿ

ಒಳ್ಳೆ ಪ್ರಶ್ನೆ. ನೀವು ಹಾಕಿರೋ ಎರಡು ಸೂರ್ಯದ ಲೆಕ್ಕ ಸರಿಯಾಗೇ ಇದೆ, ಎಡ್ಡಿಂಗ್ಟನ್ ಮಿತಿ (ಹೊರಗೆ ಬರೋ ಬೆಳಕೇ ಗ್ಯಾಸನ್ನ ಆಚೆ ನೂಕೋಕೆ ಮುಂಚೆ ಎಷ್ಟು ಜೋರಾಗಿ ತಿನ್ನಬಹುದು ಅನ್ನೋ ಮಿತಿ) ಇಟ್ಕೊಂಡು ನೂರಕ್ಕೆ ಹತ್ತು ಭಾಗ ಬೆಳಕಾಗಿ ಹೋಗುತ್ತೆ ಅಂದ್ರೆ ಅಷ್ಟೇ ಬರೋದು. ಒಂದೇ ಬ್ಲ್ಯಾಕ್ ಹೋಲನ್ನ ಇಟ್ಕೊಂಡು ತೂಕ ಎರಡು ಸಲ ಅಳೆದು ಕಳೆಯೋ ಕೆಲಸ ಯಾರೂ ಮಾಡ್ತಿಲ್ಲ, ಆಗೋದೂ ಇಲ್ಲ.

ಮದುವೆ ಮನೆ ಊಟದ ಹಾಲ್ ಅಂದ್ಕೊಳ್ಳಿ. ನಿಮ್ಗೆ ಒಳಗೆ ಹೋಗೋಕೆ ಬಿಡಲ್ಲ, ಕಿಟಕಿಯಿಂದ ಒಂದೇ ಒಂದು ಫೋಟೋ ತೆಗೀಬಹುದು. ಒಟ್ಟು ಬಂದಿರೋ ಜನ ಸಾವಿರ, ಫೋಟೋದಲ್ಲಿ ಎಲೆ ಮುಂದೆ ಕೂತಿರೋರು ಐವತ್ತು. ಹಾಗಾದ್ರೆ ಒಬ್ಬೊಬ್ರು ಮದುವೆ ಮನೇಲಿ ಇದ್ದ ಹೊತ್ತಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಊಟಕ್ಕೆ ಕಳೆದ್ರು ಅಂತ ಸರಾಸರಿ ಹೇಳಬಹುದು, ಒಬ್ಬನೇ ಒಬ್ಬ ಊಟ ಮುಗಿಸೋದನ್ನ ನೋಡ್ಬೇಕಾಗಿಲ್ಲ. ಅವರು ತಿನ್ನೋ ಸ್ಪೀಡೂ ಕಂಡ್ರೆ ತಲೆಗೆಷ್ಟು ಅನ್ನ ಅಂತಾನೂ ಬರುತ್ತೆ. ಬ್ಲ್ಯಾಕ್ ಹೋಲ್ ವಿಷಯದಲ್ಲಿ ತಿನ್ನೋ ಸ್ಪೀಡು ಕಾಣುತ್ತೆ, ಅದೇ ಅದರ ಹೊಳಪು. ಒಳಗೆ ಬೀಳೋ ಗ್ಯಾಸು ಬೀಳೋಕೆ ಮುಂಚೆ ಸುತ್ತಿ ಸುತ್ತಿ ಕಾದು ಬೆಳಕು ಚೆಲ್ಲುತ್ತೆ, ಆ ಬೆಳಕನ್ನ 0.1 ಗುಣಿಸು ಸಿ ಸ್ಕ್ವೇರ್ ನಿಂದ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ದ್ರವ್ಯ ಬಿತ್ತು ಅಂತ ಬರುತ್ತೆ. ಅದ್ರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತೂಕಕ್ಕೆ ಸೇರ್ತು.

ಇನ್ನು ಹನ್ನೆರಡು ನೂರು ಕೋಟಿ ವರ್ಷ ಎಲ್ಲಿಂದ ಬಂತು ಅಂದ್ರೆ ಅದು ದೂರದಿಂದ ಬಂತು. 300 ಕೋಟಿ ವರ್ಷ ಹಳೇ ಬೆಳಕು, 800 ಕೋಟಿ ಹಳೇದು, 1100 ಕೋಟಿ ಹಳೇದು, ಎಲ್ಲಾ ಒಂದೇ ಫೋಟೋದಲ್ಲಿ ಒಟ್ಟಿಗೆ ಬಿದ್ದಿರುತ್ತೆ. ರೆಡ್‌ಶಿಫ್ಟ್ (ವಿಶ್ವ ಹಿಗ್ಗೋದ್ರಿಂದ ಬೆಳಕು ಕೆಂಪು ಕಡೆ ಎಷ್ಟು ಸರಿದಿದೆ ಅನ್ನೋದು) ಅಳೆದು ಬೇರೆ ಬೇರೆ ಮಾಡ್ಕೊಂಡ್ರೆ ಒಂದೊಂದು ಕಾಲದ್ದು ಒಂದೊಂದು ಫೋಟೋ ಸಿಕ್ಕಂಗೆ. 20 ವರ್ಷ ಅನ್ನೋದು ಬೆಳಕು ಕೂಡಿಹಾಕೋಕೆ ಹಿಡಿದ ಟೈಮು, ಕಥೆ ನಡೆದ ಟೈಮ್ ಅಲ್ಲ.

ಎಕ್ಸ್‌ರೇ ಯಾಕೆ ಅಂದ್ರೆ ಎರಡು ಕಾರಣ. ಒಂದು, ಮಾಮೂಲಿ ಬೆಳಕಲ್ಲಿ ಗ್ಯಾಲಕ್ಸಿಯ ನಕ್ಷತ್ರಗಳೇ ಕಣ್ಣು ಕುಕ್ಕುತ್ತವೆ, ನಡುವೆ ಇರೋ ಸಣ್ಣ ಬ್ಲ್ಯಾಕ್ ಹೋಲ್ ಮಂಕಾಗಿ ತಿಂತಿದ್ರೆ ಗೊತ್ತೇ ಆಗಲ್ಲ, ಎಕ್ಸ್‌ರೇಯಲ್ಲಿ ನಕ್ಷತ್ರಗಳ ಗಲಾಟೆ ತುಂಬಾ ಕಮ್ಮಿ. ಎರಡು, ಸುತ್ತ ಇರೋ ಧೂಳು ಮಾಮೂಲಿ ಬೆಳಕನ್ನ ನುಂಗಿಬಿಡುತ್ತೆ, ಸ್ವಲ್ಪ ಗಟ್ಟಿ ಎಕ್ಸ್‌ರೇ ಅದ್ರೊಳಗಿಂದ ತೂರಿ ಬರುತ್ತೆ. 1999ರಲ್ಲಿ ಹಾರಿಸಿದ ಚಂದ್ರ ಮತ್ತೆ ಎಕ್ಸ್‌ಎಂಎಂ ನ್ಯೂಟನ್ ಅನ್ನೋ ಎಕ್ಸ್‌ರೇ ಟೆಲಿಸ್ಕೋಪುಗಳು ಎರಡೂ ಇದಕ್ಕೇ ಇಷ್ಟು ವರ್ಷ ದುಡಿದಿವೆ. ಚಂದ್ರ ಟೆಲಿಸ್ಕೋಪು (ಹೌದು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರೇ) ದಕ್ಷಿಣ ಆಕಾಶದಲ್ಲಿ ಪೂರ್ಣಚಂದ್ರನಿಗಿಂತ ಸಣ್ಣ ಒಂದು ಜಾಗವನ್ನ ಬಿಟ್ಟು ಬಿಟ್ಟು ಒಟ್ಟು 70 ಲಕ್ಷ ಸೆಕೆಂಡ್ ನೋಡಿದೆ, ಅಂದ್ರೆ 81 ದಿನ. ಅಷ್ಟು ಸಣ್ಣ ಜಾಗದಲ್ಲಿ ಸಾವಿರ ಚುಕ್ಕಿ ಸಿಕ್ವು, ಅದ್ರಲ್ಲಿ ಬಹುಪಾಲು ಬ್ಲ್ಯಾಕ್ ಹೋಲುಗಳೇ.

---

ಲೆಕ್ಕ_ಪಕ್ಕಾ

ಊಟದ ಹಾಲ್ ಚೆನ್ನಾಗಿದೆ ಆದ್ರೆ ಒಂದು ಕಡೆ ಸುಲಭ ಮಾಡಿಬಿಟ್ರಿ. ಆ ಫೋಟೋದಲ್ಲಿ ಎಲ್ರೂ ಕಾಣ್ತಾರೆ ಅಂತ ಯಾರು ಹೇಳಿದ್ರು? ಕಂಬದ ಹಿಂದೆ ಕೂತೋರು ಕಾಣಲ್ಲ, ಹಿಂದಿನ ಸಾಲು ಮಸುಕು. ಸರ್ವೆ ಅಂದ್ರೆ ಅರ್ಧ ಕೆಲಸ ಇದೇ, ಕಾಣದೇ ಇರೋರನ್ನ ಲೆಕ್ಕಕ್ಕೆ ತಗೊಳ್ಳೋದು. ನಾನು ಸ್ಟ್ಯಾಟಿಸ್ಟಿಕ್ಸ್ ಕಡೆಯವನು, ಆಕಾಶ ಹವ್ಯಾಸ ಮಾತ್ರ, ಆದ್ರೆ ಈ ಫೀಲ್ಡಲ್ಲಿ ನಂಗೆ ನಿಜಕ್ಕೂ ಇಷ್ಟ ಆಗೋದು ಅವರ ಹತ್ರ ಒಂದು ಅಡ್ಡ ತಾಳೆ ಇದೆ ಅನ್ನೋದು.

1982ರಲ್ಲಿ ಪೋಲೆಂಡಿನ ಆಂಡ್ರೆಜ್ ಸೋಲ್ಟಾನ್ ಒಂದು ಸರಳ ಮಾತು ಹೇಳಿದ್ರು. ಇಲ್ಲಿತನಕ ಎಲ್ಲಾ ಕ್ವೇಸಾರ್‌ಗಳು (ಜೋರಾಗಿ ತಿಂತಾ ಭಾರಿ ಹೊಳೆಯೋ ಬ್ಲ್ಯಾಕ್ ಹೋಲುಗಳು) ಚೆಲ್ಲಿದ ಬೆಳಕನ್ನ ಕೂಡಿಸಿ, ಅದ್ರಿಂದ ಎಷ್ಟು ತೂಕ ಬ್ಲ್ಯಾಕ್ ಹೋಲುಗಳ ಒಳಗೆ ಹೋಗಿರ್ಬೇಕು ಅಂತ ಬರುತ್ತೆ. ಅದಕ್ಕೂ ಮುಂಚೆ 1969ರಲ್ಲೇ ಲಿಂಡೆನ್ ಬೆಲ್, ಸತ್ತ ಕ್ವೇಸಾರ್‌ಗಳು ಮಾಮೂಲಿ ಗ್ಯಾಲಕ್ಸಿಗಳ ಹೊಟ್ಟೇಲಿ ಸುಮ್ನೆ ಕೂತಿರ್ಬೇಕು ಅಂದಿದ್ರು. ಹಾಗಾದ್ರೆ ಇವತ್ತು ನಮ್ಮ ಸುತ್ತಮುತ್ತ ಇರೋ ಗ್ಯಾಲಕ್ಸಿಗಳಲ್ಲಿ ಸುಮ್ನೆ ಕೂತಿರೋ ಬ್ಲ್ಯಾಕ್ ಹೋಲುಗಳ ತೂಕ ಕೂಡಿಸಿದ್ರೆ ಎರಡೂ ಒಂದೇ ಬರ್ಬೇಕು. ಹೆಚ್ಚು ಕಮ್ಮಿ ಬರುತ್ತೆ! ಪ್ರತಿ ಘನ ಮೆಗಾಪಾರ್ಸೆಕ್‌ಗೆ, ಅಂದ್ರೆ ಒಂದೊಂದು ಬದಿಯೂ 32.6 ಲಕ್ಷ ಜ್ಯೋತಿರ್ವರ್ಷ ಇರೋ ಒಂದು ಡಬ್ಬಕ್ಕೆ, ಕೆಲವು ಲಕ್ಷ ಸೂರ್ಯರ ತೂಕ, ಎರಡು ಕಡೆಯಿಂದ್ಲೂ. ಒಂದು ಕಡೆ ಹಳೇ ಬೆಳಕು, ಇನ್ನೊಂದು ಕಡೆ ಇವತ್ತಿನ ನಕ್ಷತ್ರಗಳ ಓಟದಿಂದ ಅಳೆದ ತೂಕ, ಎರಡಕ್ಕೂ ಸಂಬಂಧನೇ ಇಲ್ಲದ ಅಳತೆಗಳು, ಆದ್ರೂ ತಾಳೆ ಆಗುತ್ತೆ. ಮೇಲೆ ಗುಬ್ಬಿ ಕೇಳಿದ "ಆಧಾರ ಏನು" ಅನ್ನೋದಕ್ಕೆ ನನ್ನ ಪ್ರಕಾರ ಅಸಲಿ ಉತ್ತರ ಇದು.

ಇದ್ರಿಂದಾನೇ ಆ ಹತ್ತು ಪರ್ಸೆಂಟ್ ಅನ್ನೋದೂ ಸುಮ್ನೆ ಊಹೆ ಅಲ್ಲ ಅಂತ ಧೈರ್ಯ ಬರೋದು. ಒಂದು ಪರ್ಸೆಂಟ್ ಅಂತ ಇಟ್ಟಿದ್ರೆ ಅಷ್ಟೇ ಬೆಳಕಿಗೆ ಹತ್ತು ಪಟ್ಟು ಹೆಚ್ಚು ತೂಕ ಬಿದ್ದಿರ್ಬೇಕಿತ್ತು, ಆ ತೂಕ ಇವತ್ತು ಎಲ್ಲೂ ಇಲ್ಲ. ಹೋಲಿಸಿ ನೋಡಿ, ಸೂರ್ಯನ ಒಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ 0.7 ಪರ್ಸೆಂಟ್ ಅಷ್ಟೇ ಶಕ್ತಿ ಆಗೋದು.

ಕಂಬದ ಹಿಂದಿನವರ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. 1962ರಲ್ಲಿ ಜಿಯಾಕೋನಿ ತಂಡ ರಾಕೆಟ್ ಹಾರಿಸಿದಾಗ ಆಕಾಶ ಪೂರ್ತಿ ಎಕ್ಸ್‌ರೇಯಲ್ಲಿ ಮಂದವಾಗಿ ಹೊಳೀತಿರೋದು ಕಾಣ್ತು. ಅದು ಏನು ಅಂತ ದಶಕಗಳ ಜಗಳ. ಚಂದ್ರ ಬಂದ್ಮೇಲೆ ಕಮ್ಮಿ ಎನರ್ಜಿ ಕಡೆ ಆ ಹೊಳಪಿನ ಬಹುಪಾಲು ಒಂದೊಂದೇ ಬ್ಲ್ಯಾಕ್ ಹೋಲ್ ಚುಕ್ಕಿಯಾಗಿ ಬಿಡಿಬಿಡಿಯಾಯ್ತು. ಆದ್ರೆ ಆ ಹೊಳಪಿನ ತುತ್ತತುದಿ ಇರೋದು 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ರ, ಅಲ್ಲಿಗೆ ಚಂದ್ರಕ್ಕೆ ಕಣ್ಣಿಲ್ಲ. 2012ರಲ್ಲಿ ಹೋದ ನ್ಯೂಸ್ಟಾರ್ ಟೆಲಿಸ್ಕೋಪು 8ರಿಂದ 24 ಕಿಲೋ ಎಲೆಕ್ಟ್ರಾನ್ ವೋಲ್ಟ್ ನಡುವೆ ಮೂರನೇ ಒಂದು ಭಾಗ ಮಾತ್ರ ಬಿಡಿಸಿದೆ. ಉಳಿದದ್ದು ದಪ್ಪ ಗ್ಯಾಸಿನ ಹಿಂದೆ ಅಡಗಿ ತಿಂತಿರೋರು ಅಂತ ಎಲ್ರೂ ನಂಬ್ತಾರೆ, ಎಣಿಸಿದೋರು ಕಮ್ಮಿ.

---

ಧಾರವಾಡ_ದುರ್ಬೀನು

ಮ್ಯಾಲಿನ ಇಬ್ರೂ ಭಾಳ ಚಲೋ ಹೇಳ್ಯಾರ. ನಾ ಆ 2024ರ ಪೇಪರ್ ಓದೀನಿ, ಅದರ ಬಗ್ಗೆ ಎರಡು ಮಾತು. ಫಾನ್ ಝೌ ಮತ್ತ ನೀಲ್ ಬ್ರ್ಯಾಂಟ್ ಅವರ ತಂಡ ಅದು. ಅವರು ಮಾಡಿದ್ದು ಏನಂದ್ರ, ಒಂದ ಸರ್ವೆ ನಂಬಿ ಕೂತಿಲ್ರಿ, ಆಕಾಶದಾಗ ಮೊದ್ಲ ಚಂದಗೆ ಸ್ಟಡಿ ಆಗಿರೋ ಒಂಬತ್ತು ಜಾಗ ತಗೊಂಡಾರ. ಕೆಲವು ಸಣ್ಣು ಆದ್ರ ಭಾಳ ಆಳ, ಚಂದ್ರದ್ದು. ಕೆಲವು ನಡಮಧ್ಯದ್ದು, ಎಕ್ಸ್‌ಎಂಎಂ ನ್ಯೂಟನ್ ಒಟ್ಟು 13 ಚದರ ಡಿಗ್ರಿ ನೋಡಿದ್ದು ಅದ್ರಾಗ ಬರ್ತಾವ. ಒಂದು ಅಗಲ ಆದ್ರ ಆಳ ಕಡಿಮಿ, ಇರೋಸೀಟಾ ಅನ್ನೋ ಎಕ್ಸ್‌ರೇ ಟೆಲಿಸ್ಕೋಪು 2019ರಾಗ ಟ್ರಯಲ್ ಟೈಮಿನಾಗ ನೋಡಿದ 140 ಚದರ ಡಿಗ್ರಿ.

ಯಾಕ ಹಿಂಗ ಮೂರೂ ಬೇಕು ಅಂದ್ರ, ಭಾರಿ ಹೊಳಿಯೋವು ಅಪರೂಪ, ಸಣ್ಣ ಜಾಗದಾಗ ಒಂದೂ ಸಿಗಂಗಿಲ್ಲ, ಅದಕ್ಕ ಅಗಲ ಬೇಕು. ಮಂಕಾಗಿ ಇರೋವು ಎಲ್ಲಾ ಕಡೆ ಅದಾವ ಆದ್ರ ತಾಸುಗಟ್ಟಲೆ ನೋಡಿದ್ರಷ್ಟ ಕಾಣ್ತಾವ, ಅದಕ್ಕ ಆಳ ಬೇಕು. ಒಂದ ಟೆಲಿಸ್ಕೋಪು ಎರಡೂ ಮಾಡಾಕ ಹೋದ್ರ ಅದರ ಆಯುಷ್ಯನ ಮುಗೀತೈತಿ.

ಆಮ್ಯಾಲೆ ಗಮ್ಮತ್ತಿನ ಭಾಗ. 13 ಲಕ್ಷಕ್ಕ 8000 ಅಂದ್ರ ನೂರಕ್ಕ ಒಂದೂ ಇಲ್ಲ. ಅದಕ್ಕ ಅವರು "ಈ ಗ್ಯಾಲಕ್ಸಿ ತಿನ್ನಾಕತ್ತೈತಿ, ಇದು ಇಲ್ಲ" ಅಂತ ಎರಡ ಗುಂಪು ಮಾಡಂಗಿಲ್ಲ. ಇಷ್ಟು ನಕ್ಷತ್ರ ತೂಕದ ಗ್ಯಾಲಕ್ಸಿ, ಇಂಥಾ ಕಾಲದಾಗ, ಇಂಥಾ ಸ್ಪೀಡಿಲೆ ತಿನ್ನೂ ಸಂಭವ ಎಷ್ಟು ಅಂತ ಒಂದು ಕರ್ವ್ ತಗೀತಾರ, ಕಾಣದಿದ್ದದ್ದೂ ಮಾಹಿತಿನ, ಅದನ್ನೂ ಕರ್ವಿಗೆ ಹಾಕ್ತಾರ. ಆ ಕರ್ವಿನ ಸರಾಸರಿ ತಗೊಂಡು ಕಾಲದ ಉದ್ದಕ್ಕೂ ಕೂಡಿಸ್ಕೋತ ಬಂದ್ರ ಬೆಳವಣಿಗಿ ಸಿಗತೈತಿ.

ಆದ್ರ ಇಷ್ಟರಾಗ ತಿಂದದ್ದು ಅಷ್ಟ ಬಂತು. ಎರಡು ಗ್ಯಾಲಕ್ಸಿ ಡಿಕ್ಕಿ ಹೊಡೆದು ಅವುಗಳ ಬ್ಲ್ಯಾಕ್ ಹೋಲು ಒಂದಾದ್ರ ಆ ತೂಕ ಎಕ್ಸ್‌ರೇಯಾಗ ಕಾಣಂಗಿಲ್ಲ. ಅದನ್ನ ಇಲಸ್ಟ್ರಿಸ್ ಟಿಎನ್‌ಜಿ ಅನ್ನೋ ಕಂಪ್ಯೂಟರ್ ಸಿಮ್ಯುಲೇಶನ್‌ನಿಂದ ತಗೊಂಡು ಸೇರ್ಸ್ಯಾರ. ಅಂದ್ರ ಅರ್ಧ ಕಣ್ಣಿಲೆ ನೋಡಿದ್ದು, ಅರ್ಧ ಕಂಪ್ಯೂಟರಿನಾಗ ಮಾಡಿದ್ದು, ಇದನ್ನ ಪೇಪರಿನಾಗ ಅವರ ಮುಚ್ಚಿಟ್ಟಿಲ್ಲ. ಬಂದ ಉತ್ತರ: ಹೆಚ್ಚೂಕಡಿಮಿ ಎಲ್ಲಾ ಕಡೆ ತಿನ್ನೋದ ಮುಖ್ಯ. ಡಿಕ್ಕಿ ಲೆಕ್ಕಕ್ಕ ಬರೂದು ಭಾರಿ ದೊಡ್ಡ ಗ್ಯಾಲಕ್ಸಿಗಳಾಗ, ಅದೂ ಕಡೀ 500 ಕೋಟಿ ವರ್ಷದಾಗ, ಯಾಕಂದ್ರ ಅಷ್ಟೊತ್ತಿಗೆ ಅಲ್ಲಿ ತಿನ್ನಾಕ ಗ್ಯಾಸ್ ಕಡಿಮಿ ಆಗಿರತೈತಿ. ನನಗಂತೂ ಆ ಡಿಕ್ಕಿ ಭಾಗದ ಮ್ಯಾಲೆ ಪೂರಾ ನಂಬಿಕಿ ಇಲ್ರಿ, ಸಿಮ್ಯುಲೇಶನ್ ಬದಲಿ ಮಾಡಿದ್ರ ನಂಬರೂ ಬದಲಿ ಆಗತಾವ.

---

ಲೆಕ್ಕ_ಪಕ್ಕಾ

@ಧಾರವಾಡ_ದುರ್ಬೀನು ಡಿಕ್ಕಿ ಭಾಗಕ್ಕೆ ಈಗ ಸ್ವಲ್ಪ ಅಳತೆನೂ ಬರ್ತಿದೆ. 2023ರ ಜೂನ್‌ನಲ್ಲಿ ಪಲ್ಸಾರ್ ಟೈಮಿಂಗ್‌ನವರು (ಗಡಿಯಾರದಂಗೆ ಮಿಡಿಯೋ ಪಲ್ಸಾರ್ ನಕ್ಷತ್ರಗಳ ಟೈಮ್ ಅಳೆಯೋರು) ಇಡೀ ಆಕಾಶದಿಂದ ಬರೋ ನಿಧಾನ ಗುರುತ್ವ ಅಲೆಗಳ ಗುನುಗು ಇದೆ ಅನ್ನೋಕೆ ಸಾಕ್ಷಿ ಸಿಕ್ತು ಅಂತ ಹೇಳಿದ್ರಲ್ಲ, ಯುರೋಪಿನವರ ಜೊತೆ ನಮ್ಮ ಇಂಡಿಯನ್ ಪಲ್ಸಾರ್ ಟೈಮಿಂಗ್ ಅರೇಯವರೂ ಇದ್ರು, ಪುಣೆ ಹತ್ರದ ಜಿಎಂಆರ್‌ಟಿ ಡೇಟಾ. ಜೋಡಿ ಜೋಡಿಯಾಗಿ ಸುತ್ತೋ ಸೂಪರ್‌ಮ್ಯಾಸಿವ್ ಬ್ಲ್ಯಾಕ್ ಹೋಲುಗಳೇ ಅದಕ್ಕೆ ಕಾರಣ ಅನ್ನೋದು ಸದ್ಯಕ್ಕೆ ಮುಂದಿರೋ ವಿವರಣೆ. ಒಂದೊಂದೇ ಡಿಕ್ಕಿ ಕೇಳ್ಬೇಕು ಅಂದ್ರೆ ಬಾಹ್ಯಾಕಾಶದಿಂದ ಗುರುತ್ವ ಅಲೆ ಹಿಡಿಯೋ ಲೀಸಾ ಹಾರ್ಬೇಕು, ಅದು 2035ರ ಸುಮಾರಿಗೆ ಪ್ಲಾನ್.

---

ಗುಬ್ಬಿ_ಗ್ಯಾಲಕ್ಸಿ

ಅಬ್ಬಾ, ಥ್ಯಾಂಕ್ಸ್ ಎಲ್ರಿಗೂ. ಸೋಲ್ಟಾನ್ ವಿಷಯ ಯಾವ ವಿಡಿಯೋದಲ್ಲೂ ಬಂದಿರ್ಲಿಲ್ಲ. ಈಗ ಇನ್ನೆರಡು ಹುಟ್ಕೊಂಡ್ವು. ಒಂದು, ಯಾವಾಗ ಜಾಸ್ತಿ ತಿಂದ್ವು? ಶುರುವಲ್ಲಾ, ನಡುವೆನಾ, ಈಗಲಾ? ಇನ್ನೊಂದು, ಜೇಮ್ಸ್ ವೆಬ್ ಟೆಲಿಸ್ಕೋಪು ಬಂದ್ಮೇಲೆ ಶುರುವಲ್ಲೇ ದೊಡ್ಡ ದೊಡ್ಡ ಬ್ಲ್ಯಾಕ್ ಹೋಲ್ ಸಿಕ್ಕಿ ಎಲ್ಲಾ ಥಿಯರಿ ತಲೆಕೆಳಗಾಯ್ತು ಅಂತಾರಲ್ಲ, ಅದು ನಿಜನಾ ಇಲ್ಲ ಹೆಡ್‌ಲೈನ್ ಮಹಿಮೆನಾ?

---

ಶರಾವತಿ_ಸ್ಪೆಕ್ಟ್ರಮ್

ಎರಡನೇದು ಅರ್ಧ ನಿಜ. ವೆಬ್ ಬರೋಕೆ ಮುಂಚೆನೇ ಆ ತಲೆನೋವು ಇತ್ತು, ವೆಬ್ ಬಂದು ಜಾಸ್ತಿ ಮಾಡ್ತು.

ಕೈಯಲ್ಲೇ ಲೆಕ್ಕ ಹಾಕ್ಬಹುದು. ಎಡ್ಡಿಂಗ್ಟನ್ ಮಿತಿಯಲ್ಲಿ ತಿಂತಾ ಹೋದ್ರೆ ತೂಕ ಸುಮಾರು 5 ಕೋಟಿ ವರ್ಷಕ್ಕೊಮ್ಮೆ ಇ ಪಟ್ಟು, ಅಂದ್ರೆ 2.7 ಪಟ್ಟು, ಆಗುತ್ತೆ. 2021ರಲ್ಲಿ ಹೇಳಿದ ಜೆ0313-1806 ಅನ್ನೋ ಕ್ವೇಸಾರ್ ತಗೊಳ್ಳಿ, ಬಿಗ್ ಬ್ಯಾಂಗ್ ಆಗಿ 67 ಕೋಟಿ ವರ್ಷಕ್ಕೇ 160 ಕೋಟಿ ಸೂರ್ಯರ ತೂಕ. ಒಂದು ದೊಡ್ಡ ನಕ್ಷತ್ರ ಸತ್ತು 100 ಸೂರ್ಯದ ಬ್ಲ್ಯಾಕ್ ಹೋಲ್ ಆಯ್ತು, ಅದು ಬೆಳೀತು ಅಂದ್ರೆ 160 ಕೋಟಿ ಭಾಗಿಸು 100, ಅದರ ನ್ಯಾಚುರಲ್ ಲಾಗ್ 16.6, ಗುಣಿಸು 5 ಕೋಟಿ, 83 ಕೋಟಿ ವರ್ಷ ಬೇಕು. ವಿಶ್ವಕ್ಕೇ ಆಗ ವಯಸ್ಸು 67! ಅದೂ ಒಂದು ದಿನ ಬಿಡದೇ ತಿಂದ್ರೆ. ಹತ್ತು ಸಾವಿರ ಸೂರ್ಯದಿಂದ ಶುರು ಮಾಡಿದ್ರೆ 60 ಕೋಟಿ, ಏದುಸಿರು ಬಿಟ್ಕೊಂಡು ಒಳಗೆ ಬರುತ್ತೆ. ಹಾಗಾಗಿ ಒಂದೋ ಹುಟ್ಟುವಾಗಲೇ ದೊಡ್ಡದಾಗಿ ಹುಟ್ಟಿರ್ಬೇಕು, ಇಲ್ಲ ಮಿತಿ ಮೀರಿ ತಿಂದಿರ್ಬೇಕು. ದೊಡ್ಡದಾಗಿ ಹುಟ್ಟೋದು ಅಂದ್ರೆ ಗ್ಯಾಸ್ ಮೋಡ ನಕ್ಷತ್ರಗಳಾಗಿ ಒಡೆಯದೇ ನೇರ ಕುಸಿಯೋದು, ಯೇಲ್‌ನ ಪ್ರಿಯಂವದಾ ನಟರಾಜನ್ ಈ ದಾರಿಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದಾರೆ, 2023ರಲ್ಲಿ ಚಂದ್ರ ಮತ್ತೆ ವೆಬ್ ಸೇರಿ ಯುಎಚ್‌ಝಡ್1 ಅನ್ನೋ ಗ್ಯಾಲಕ್ಸಿಯಲ್ಲಿ ಎಕ್ಸ್‌ರೇ ಕಂಡಾಗ ಅದು ಅವರು ಮೊದಲೇ ಹೇಳಿದ ಲಕ್ಷಣಕ್ಕೆ ಹೊಂದ್ಕೊಂಡಿತು. ನಂಗೆ ಆ ಕಡೆಗೇ ಒಲವು, ಆದ್ರೆ ಒಂದು ಗ್ಯಾಲಕ್ಸಿ ಇಟ್ಕೊಂಡು ಕುಣಿಯೋದು ಬೇಡ.

ವೆಬ್ ತಂದ ಹೊಸ ತಲೆನೋವು ಅಂದ್ರೆ ಪುಟ್ಟ ಕೆಂಪು ಚುಕ್ಕಿಗಳು. ಬಿಗ್ ಬ್ಯಾಂಗ್ ಆಗಿ 60 ಕೋಟಿ ವರ್ಷದ ಹೊತ್ತಿಗೆ ರಾಶಿ ರಾಶಿ ಕಾಣಿಸ್ಕೊಳ್ತವೆ, 150 ಕೋಟಿ ವರ್ಷದ ಹೊತ್ತಿಗೆ ವಿರಳ ಆಗಿಬಿಡ್ತವೆ. ಸ್ಪೆಕ್ಟ್ರಮ್ ನೋಡಿದ್ರೆ ಅಗಲ ಗೆರೆಗಳು, ಗ್ಯಾಸು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ಸ್ಪೀಡಲ್ಲಿ ಸುತ್ತೋ ಲಕ್ಷಣ, ಅಂದ್ರೆ ಬ್ಲ್ಯಾಕ್ ಹೋಲ್. ಎಕ್ಸ್‌ರೇಯಲ್ಲಿ ನೋಡಿದ್ರೆ ಏನೂ ಇಲ್ಲ, ಬಹಳಷ್ಟನ್ನ ಒಂದರ ಮೇಲೊಂದು ಕೂಡಿಸಿದ್ರೂ ಇಲ್ಲ. ಮೇಲೆ ಎಲ್ರೂ ಎಕ್ಸ್‌ರೇ ಸಾಕು ಎಕ್ಸ್‌ರೇ ಸಾಕು ಅಂದ್ರಲ್ಲ, ಇಲ್ಲಿಗೆ ಬಂದಾಗ ಅದೇ ಕೈಕೊಡ್ತು. ದಪ್ಪ ಗ್ಯಾಸಿನ ಹೊದಿಕೆ ಒಳಗೆ ಮುಚ್ಚಿಹೋಗಿವೆ ಅನ್ನೋದು ಒಂದು ವಾದ, ಮಿತಿ ಮೀರಿ ತಿನ್ನುವಾಗ ಎಕ್ಸ್‌ರೇನೇ ಕಮ್ಮಿ ಹೊರಡುತ್ತೆ ಅನ್ನೋದು ಇನ್ನೊಂದು. ಹೊದಿಕೆ ನಿಜ ಆದ್ರೆ ಗೆರೆ ಅಗಲ ನೋಡಿ ಹೇಳಿದ ತೂಕಗಳೂ ಜಾಸ್ತಿ ಆಗಿರ್ಬಹುದು, ಆಗ ಅರ್ಧ ತಲೆನೋವು ತಾನೇ ಹೋಗುತ್ತೆ. ತಲೆಕೆಳಗಾಗಿದ್ದು ಥಿಯರಿ ಅಲ್ಲ, ಅಳೆಯೋ ಕೋಲು ಅಲ್ಲಾಡ್ತಿದೆ.

ಮೊದಲನೇ ಪ್ರಶ್ನೆಗೆ ಬೇಗ ಹೇಳ್ತೀನಿ. ಅತಿ ಜೋರು ಇದ್ದಿದ್ದು 1000ದಿಂದ 1100 ಕೋಟಿ ವರ್ಷದ ಹಿಂದೆ, ನಕ್ಷತ್ರಗಳೂ ಆಗಲೇ ಜಾಸ್ತಿ ಹುಟ್ಟಿದ್ದು. ದೊಡ್ಡವು ಮೊದಲು ಬೆಳೆದು ಮುಗಿಸಿದ್ವು, ಸಣ್ಣವು ಆಮೇಲೆ ನಿಧಾನಕ್ಕೆ, ಸಣ್ಣವು ಈಗಲೂ ಅಲ್ಲಲ್ಲಿ ತಿಂತಾ ಇವೆ. ಎಲ್ಲಾ ಸಣ್ಣದಿಂದ ಶುರುವಾಗಿ ದೊಡ್ಡದು ಕೊನೆಗೆ ಬರ್ಬೇಕು ಅಂತ ಅಂದ್ಕೊಂಡಿದ್ದೋರಿಗೆ ಇದು ಉಲ್ಟಾ ಅನ್ನಿಸಿತ್ತು. ನಮ್ಮ ಗ್ಯಾಲಕ್ಸಿ ನಡುವಿನ 43 ಲಕ್ಷ ಸೂರ್ಯದ್ದು ಸದ್ಯಕ್ಕೆ ಉಪವಾಸ.

---

ರಾತ್ರಿಪಾಳಿ_ರಾಜ

ಟೈಟಲ್‌ನಲ್ಲಿ 20 ವರ್ಷದಲ್ಲಿ ಏನು ಕಾಣುತ್ತೆ ಅನ್ನೋ ಥರ ಇದೆಯಲ್ಲ, ಅದಕ್ಕೆ ಒಂದು ತಕರಾರು. ತೂಕ ಬದಲಾಗಿದ್ದು ಕಾಣಲ್ಲ ಸರಿ, ಆದ್ರೆ ತಿನ್ನೋಕೆ ಕೂತಿದ್ದು ಎದ್ದಿದ್ದು ಕಾಣುತ್ತೆ! ಕನ್ಯಾ ರಾಶಿ ಕಡೆ ಸುಮಾರು 30 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿ, ವರ್ಷಗಟ್ಟಲೆ ಸುಮ್ನೆ ಇದ್ದಿದ್ದು, 2019ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂಗೆ ಹೊಳೆಯೋಕೆ ಶುರು ಮಾಡ್ತು, ಕ್ಯಾಲಿಫೋರ್ನಿಯಾದ ಝ್ವಿಕಿ ಸರ್ವೆಯಲ್ಲಿ ಸಿಕ್ಕಿಬಿತ್ತು. ಆನ್‌ಸ್ಕಿ ಅಂತ ಅಡ್ಡಹೆಸರು. ಹತ್ತು ಲಕ್ಷ ಸೂರ್ಯದ ಲೆಕ್ಕದ ಸಣ್ಣ ಬ್ಲ್ಯಾಕ್ ಹೋಲ್ ಎಚ್ಚರ ಆಗ್ತಿದೆ ಅನ್ನೋದು ಅದನ್ನ ನೋಡ್ತಿರೋರ ವಾದ, ಆಮೇಲೆ ಎಕ್ಸ್‌ರೇಯಲ್ಲಿ ಬಿಟ್ಟು ಬಿಟ್ಟು ಸಿಡೀತಿದೆ ಕೂಡ. ಇದರ ಉಲ್ಟಾನೂ ಇದೆ, ಸ್ಲೋನ್ ಅನ್ನೋ ದೊಡ್ಡ ಆಕಾಶ ಸರ್ವೆಯಲ್ಲಿ ಮೊದಲು ಕ್ವೇಸಾರ್ ಅಂತ ಗುರುತಾಗಿದ್ದು ಹತ್ತೇ ವರ್ಷದಲ್ಲಿ ಮಂಕಾಗಿ ಮಾಮೂಲಿ ಗ್ಯಾಲಕ್ಸಿ ಥರ ಆಗಿಹೋದ ಕೇಸು 2015ರಲ್ಲಿ ಬಂತು. ಥಿಯರಿ ಪ್ರಕಾರ ಬ್ಲ್ಯಾಕ್ ಹೋಲ್ ಸುತ್ತ ಇರೋ ಅಷ್ಟು ದೊಡ್ಡ ಗ್ಯಾಸ್ ಡಿಸ್ಕ್ ಅಷ್ಟು ಬೇಗ ಆರಬಾರ್ದು.

ಇನ್ನೊಂದು ನಂಗೆ ತುಂಬಾ ಇಷ್ಟ ಆಗೋದು ಜೆ0529-4351. 2024ರಲ್ಲಿ ಆಸ್ಟ್ರೇಲಿಯಾದವರು ಹೇಳಿದ್ದು, ಗೊತ್ತಿರೋದ್ರಲ್ಲೇ ಅತಿ ಪ್ರಕಾಶ ಇರೋ ಕ್ವೇಸಾರ್, ದಿನಕ್ಕೊಂದು ಸೂರ್ಯ ತಿನ್ನುತ್ತೆ ಅಂತ ಅವರ ಅಂದಾಜು. ಆದ್ರೆ 1980ರ ಫೋಟೋದಲ್ಲೇ ಅದು ಇತ್ತು! ಅಷ್ಟು ಹೊಳೀತಿರೋದು ದೂರದ್ದಾಗಿರೋಕೆ ಸಾಧ್ಯ ಇಲ್ಲ ಅಂತ ಕಂಪ್ಯೂಟರ್ ಅದನ್ನ ನಕ್ಷತ್ರದ ಲಿಸ್ಟಿಗೆ ತಳ್ಳಿಬಿಟ್ಟಿತ್ತು. ಸಾಮಾನ್ಯ ಕ್ವೇಸಾರ್ ನೋಡಿ ಟ್ರೇನ್ ಆದ ಪ್ರೋಗ್ರಾಮು ಅಸಾಮಾನ್ಯವಾದದ್ದನ್ನ ಬಿಸಾಕುತ್ತೆ, ನಂಗೆ ಇದು ಆಫೀಸಿನ ಮಷೀನ್ ಲರ್ನಿಂಗ್ ಮೀಟಿಂಗಲ್ಲಿ ಪದೇ ಪದೇ ನೆನಪಾಗುತ್ತೆ.

ಚಿಲಿಯ ರೂಬಿನ್ ಅಬ್ಸರ್ವೇಟರಿ 2025ರ ಜೂನ್‌ನಲ್ಲಿ ಮೊದಲ ಚಿತ್ರ ತೋರ್ಸಿದೆಯಲ್ಲ, 8.4 ಮೀಟರ್ ಕನ್ನಡಿ, 320 ಕೋಟಿ ಪಿಕ್ಸೆಲ್ ಕ್ಯಾಮೆರಾ. ಅದು ಹತ್ತು ವರ್ಷ ಒಂದೇ ಆಕಾಶನ ಮತ್ತೆ ಮತ್ತೆ ತೆಗೆಯುತ್ತೆ, ಮಿಣುಕೋದನ್ನ ನೋಡಿನೇ ಬ್ಲ್ಯಾಕ್ ಹೋಲ್ ಹಿಡೀಬಹುದು, ಒಂದು ಕೋಟಿಗೂ ಹೆಚ್ಚು ಸಿಗುತ್ತೆ ಅನ್ನೋದು ನಿರೀಕ್ಷೆ. ಧಾರವಾಡದವರು ಹೇಳಿದ ಆ 13 ಚದರ ಡಿಗ್ರಿ ಜಾಗಗಳನ್ನ ರೂಬಿನ್ ಇನ್ನೂ ಆಳವಾಗಿ ನೋಡೋ ಲಿಸ್ಟಲ್ಲಿ ಇಟ್ಕೊಂಡಿದೆ.

---

ಗುಬ್ಬಿ_ಗ್ಯಾಲಕ್ಸಿ

ದಿನಕ್ಕೊಂದು ಸೂರ್ಯ ಅನ್ನೋದು ಫ್ರೆಂಡ್ಸ್ ಗ್ರೂಪಿಗೆ ಹಾಕಿದೆ, ಯಾರೂ ನಂಬ್ತಿಲ್ಲ. ಕೊನೇ ಪ್ರಶ್ನೆ. ಇದೆಲ್ಲ ಚಿಲಿ, ಜರ್ಮನಿ, ಅಮೆರಿಕ. ಇಲ್ಲಿ ಕೂತ್ಕೊಂಡು ನನ್ನಂಥೋರು ಒಂದು ಸಣ್ಣ ಪ್ರಾಜೆಕ್ಟ್ ಆದ್ರೂ ಮಾಡೋಕೆ ಆಗುತ್ತಾ? ಲ್ಯಾಪ್‌ಟಾಪ್ ಹಳೇದು, ಪೈಥಾನ್ ಸ್ವಲ್ಪ ಬರುತ್ತೆ.

---

ಹೊಸಕೋಟೆ_ಹಾದಿ

ಧಾರಾಳವಾಗಿ ಆಗುತ್ತೆ, ಡೇಟಾ ಎಲ್ಲಾ ಬಾಗ್ಲು ತೆಗೆದಿಟ್ಟಿದಾರೆ. ಇರೋಸೀಟಾ ಮೊದಲ ಆರು ತಿಂಗಳು ಇಡೀ ಆಕಾಶ ನೋಡಿದ್ದರ ಜರ್ಮನ್ ಪಾಲಿನ ಅರ್ಧ 2024ರ ಜನವರಿ 31ಕ್ಕೆ ಹೊರಗೆ ಬಿಟ್ಟಿದಾರೆ, ಸುಮಾರು 9 ಲಕ್ಷ ಚುಕ್ಕಿ, ಅದ್ರಲ್ಲಿ 7 ಲಕ್ಷದ ಮೇಲೆ ಬ್ಲ್ಯಾಕ್ ಹೋಲು. ಇನ್ನರ್ಧ ರಷ್ಯದವರ ಪಾಲು. ಎಂಟು ಸಲ ನೋಡೋ ಪ್ಲಾನ್ ಇತ್ತು, ನಾಲ್ಕು ಮುಗಿದು ಐದನೇದು ನಡೀತಿರುವಾಗ ಉಕ್ರೇನ್ ಯುದ್ಧ ಶುರುವಾಗಿ 2022ರ ಫೆಬ್ರವರಿಯಲ್ಲಿ ಜರ್ಮನಿಯವರು ಅದನ್ನ ಮಲಗಿಸಿಬಿಟ್ರು, ಚೆನ್ನಾಗಿರೋ ಟೆಲಿಸ್ಕೋಪು.

ಇಲ್ಲಿ ಏನಿಲ್ಲ ಅನ್ಕೋಬೇಡಿ. ಲಡಾಖ್‌ನ ಹಾನ್ಲೆಯಲ್ಲಿ ಇರೋ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನ ನಡೆಸೋದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ, ಸ್ಯಾಟಲೈಟ್ ಲಿಂಕ್ ಮೂಲಕ (ನನ್ನ ಹೆಸರು ಅಲ್ಲಿಂದಾನೇ, ಮನೆ ಆ ರೋಡಲ್ಲಿ). 2015ರಲ್ಲಿ ಹೋದ ಆಸ್ಟ್ರೋಸ್ಯಾಟ್ ಎಕ್ಸ್‌ರೇನೂ ಅಲ್ಟ್ರಾವಯಲೆಟ್ಟೂ ಒಟ್ಟಿಗೆ ನೋಡುತ್ತೆ, ಸರ್ವೆ ಮಾಡೋ ಥರದ್ದಲ್ಲ, ಒಂದೊಂದನ್ನೇ ಕೂತು ನೋಡೋ ಥರದ್ದು, ಅದರ ಡೇಟಾ ಬ್ಯಾಲಾಳುವಿನ ಇಸ್ರೋ ಸೆಂಟರ್‌ನಿಂದ ಸಿಗುತ್ತೆ.

ಆದ್ರೆ ಶುರು ಮಾಡೋಕೆ ಸ್ಲೋನ್‌ನ ಹದಿನಾರನೇ ಬಿಡುಗಡೆಯ ಕ್ವೇಸಾರ್ ಪಟ್ಟಿ ತಗೊಳ್ಳಿ, 7,50,414 ಕ್ವೇಸಾರ್, ನಿಮ್ಮ ಲ್ಯಾಪ್‌ಟಾಪ್ ತಡ್ಕೊಳ್ಳುತ್ತೆ, ಬೇಕಾದ ಎರಡು ಮೂರು ಕಾಲಮ್ ಮಾತ್ರ ಓದಿಸಿ. ಮೊದಲನೇ ಕೆಲಸ, ರೆಡ್‌ಶಿಫ್ಟ್ ಹಿಸ್ಟೋಗ್ರಾಮ್ ಹಾಕಿ. 2.3ರ ಹತ್ರ ಒಂದು ಗುಡ್ಡ ಎದ್ದಿರುತ್ತೆ. ನೋಡಿದ ತಕ್ಷಣ ಶರಾವತಿಯವರು ಹೇಳಿದ ಆ 1100 ಕೋಟಿ ವರ್ಷದ ಹಿಂದಿನ ಜೋರು ಊಟ ಸಿಕ್ಕೇಬಿಡ್ತು ಅನ್ನಿಸುತ್ತೆ, ಇಲ್ಲಿ ಬರ್ದು ಹಾಕೋಕೂ ಕೈ ತುರಿಸುತ್ತೆ.

---

ಲೆಕ್ಕ_ಪಕ್ಕಾ

ಹಾಕೋಕೆ ಮುಂಚೆ ತಡೀರಿ. ಆ ಗುಡ್ಡದ ಬಹುಪಾಲು ಆಕಾಶದ್ದಲ್ಲ, ಸರ್ವೆಯವರದ್ದು. ಬಾಸ್ ಅನ್ನೋ ಸ್ಲೋನ್ ಪ್ರಾಜೆಕ್ಟು ದೂರದ ಹೈಡ್ರೋಜನ್ ಮೋಡಗಳ ನೆರಳು ನೋಡೋಕೋಸ್ಕರ ಬೇಕಂತಲೇ 2.2ಕ್ಕಿಂತ ಮೇಲಿನ ಕ್ವೇಸಾರ್‌ಗಳನ್ನ ಆರಿಸಿ ಆರಿಸಿ ಸ್ಪೆಕ್ಟ್ರಮ್ ತೆಗೆದಿದ್ರು, ಅದಕ್ಕೇ ಅಲ್ಲಿ ರಾಶಿ. ಇನ್ನು 2.7ರ ಸುಮಾರಿಗೆ ಕ್ವೇಸಾರ್ ಬಣ್ಣನೂ ನಮ್ಮದೇ ಗ್ಯಾಲಕ್ಸಿಯ ಕೆಲವು ನಕ್ಷತ್ರಗಳ ಬಣ್ಣನೂ ಒಂದೇ ಥರ ಕಾಣೋದ್ರಿಂದ ಬಣ್ಣ ನೋಡಿ ಆರಿಸುವಾಗ ಅಲ್ಲಿ ಎಷ್ಟೋ ಕೈತಪ್ಪಿ ಹೋಗ್ತವೆ. ನಿಜವಾದ ಜೋರು ಕಾಲ ಅದೇ ಆಸುಪಾಸಲ್ಲಿ ಇರೋದ್ರಿಂದ ಇನ್ನೂ ಕನ್ಫ್ಯೂಷನ್. ಪಟ್ಟಿಯಲ್ಲಿ ಪ್ರತಿ ಕ್ವೇಸಾರ್‌ಗೂ ಯಾವ ಕಾರಣಕ್ಕೆ ಅದನ್ನ ಆರಿಸಿದ್ರು ಅಂತ ಟಾರ್ಗೆಟ್ ಫ್ಲ್ಯಾಗ್ ಕಾಲಮ್ ಇರುತ್ತೆ, ಅದನ್ನ ಹಿಡ್ಕೊಂಡು ಬೇರೆ ಬೇರೆ ಗುಂಪು ಮಾಡಿ ಅದೇ ಹಿಸ್ಟೋಗ್ರಾಮ್ ಮತ್ತೆ ಹಾಕಿ, ಒಂದೊಂದು ಗುಂಪಿಗೂ ಗುಡ್ಡ ಎಲ್ಲೆಲ್ಲಿಗೆ ಸರಿಯುತ್ತೆ ನೋಡಿ. ಅಷ್ಟು ಮಾಡಿದ್ರೆ ನಿಮ್ಮ ಸೆಮಿಸ್ಟರ್ ಪ್ರಾಜೆಕ್ಟ್ ಅಲ್ಲಿಗೇ ಆಯ್ತು. ಪ್ಲಾಟ್ ಬಂದ್ರೆ ಇಲ್ಲೇ ಹಾಕಿ, ಆಕ್ಸಿಸ್‌ಗೆ ಲೇಬಲ್ ಮರೀಬೇಡಿ.